ಹೊಟ್ಟೆ ಸೀಳದ ಕಾಯಿಲೆ

ಮೊದಲು ಹೋದದ್ದು ಮಧುಗಿರಿಯ ಹೊಟ್ಟೆಸೀಳು.

ಹೀಗೆಂದರೆ ಯಾರಿಗೂ ಅರ್ಥವಾಗುವುದಿಲ್ಲ. ನಾನು ಮಧುಗಿರಿ ಕೋರ್ಟಿನ ಎದುರು ಒಂದು ಪುಟ್ಟ ಅಂಗಡಿಯಲ್ಲಿ ಟೈಪಿಂಗ್ ಮಾಡುವವಳು. ಅಫಿಡವಿಟ್ಟು, ತಕರಾರು ಅರ್ಜಿ, ವಿಭಾಗ ಪತ್ರ, ದೂರು, ಯಾರು ಏನು ತಂದರೂ ಟೈಪ್ ಮಾಡಿಕೊಡುತ್ತೇನೆ. ಕನ್ನಡ ಕೀಬೋರ್ಡಿನಲ್ಲಿ ‘ದ’ ಬೇಕೆಂದರೆ ಒಂದು ಬೆರಳು ಸಾಕು. ‘ಧ’ ಬೇಕೆಂದರೆ ಬಲಗೈಯ ಕಿರುಬೆರಳಿನಲ್ಲಿ ಶಿಫ್ಟ್ ಕೀ ಒತ್ತಿ ಹಿಡಿಯಬೇಕು. ಮೇಷ್ಟರು ಅದನ್ನು ಮಹಾಪ್ರಾಣ ಎಂದು ಕಲಿಸಿದ್ದರೂ ನಮ್ಮ ಬಾಯಲ್ಲಿ ಅದು ಯಾವತ್ತೂ ಹೊಟ್ಟೆ ಸೀಳಿದ ಧ, ಹೊಟ್ಟೆ ಸೀಳಿದ ಭ. ಒಂದು ದಿನ ವಕೀಲರೊಬ್ಬರು ಅರ್ಜಿಯನ್ನು ನನ್ನ ಮುಂದೆ ಹಾಕಿ ನಕ್ಕರು.

“ಏನ್ ಲಲಿತಮ್ಮ, ಊರಿನ ಹೆಸರೇ ಬದಲಾಯಿಸ್ಬಿಟ್ರಾ? ಎಲ್ಲಾ ಕಡೆ ಮದುಗಿರಿ ಅಂತ ಬಿದ್ದಿದೆ. ಒಂದಕ್ಕೂ ಹೊಟ್ಟೆ ಸೀಳಿಲ್ಲ.”

ನಾನೂ ನಕ್ಕೆ. ಕೀಬೋರ್ಡ್ ಹಳೆಯದಾಯಿತು ಅಂದೆ. ದೀರ್ಘ ತಪ್ಪಿದರೆ ಕಣ್ಣಿಗೆ ಹೊಡೆಯುತ್ತದೆ, ಅದನ್ನು ಆಗಲೇ ತಿದ್ದಿಕೊಂಡಿರುತ್ತಿದ್ದೆ. ಹೊಟ್ಟೆಸೀಳು ಕಾಣುತ್ತಿರಲಿಲ್ಲ. ಹೊಸ ಕೀಬೋರ್ಡ್ ತಂದೆ. ಆಮೇಲೂ ‘ದನ’ ಬಂತು, ‘ಧನ’ ಬರಲಿಲ್ಲ.

ತಪ್ಪು ಕೀಬೋರ್ಡಿನದಲ್ಲ, ಬೆರಳಿನದು.

ಬೆಳಿಗ್ಗೆ ಎದ್ದರೆ ಕೈ ಮಡಚಲು ಆಗದು. ಹಲ್ಲುಜ್ಜುವ ಪೇಸ್ಟ್ ಹಿಂಡಲು ಆಗದು. ಕುಕ್ಕರ್ ಮುಚ್ಚಳ ತಿರುಗಿಸಲು ಯಜಮಾನರನ್ನು ಕೂಗಬೇಕು. ಮಧ್ಯಾಹ್ನದ ಹೊತ್ತಿಗೆ ಸಡಿಲವಾಗುತ್ತಿತ್ತು, ಹಾಗಾಗಿ ಯಾರೂ ನಂಬುತ್ತಿರಲಿಲ್ಲ. “ಬೆಳಿಗ್ಗೆ ಹೊತ್ತು ಮಾತ್ರ ಬರೋ ಕಾಯಿಲೆ ಯಾವ್ದಪ್ಪ ಅದು, ಕೆಲಸ ಇರೋ ಹೊತ್ತಿಗೆ ಸರಿಯಾಗಿ ಬರುತ್ತೆ” ಎಂದು ನಮ್ಮತ್ತೆ ಕಳ್ಳಂಬೆಳ್ಳದಿಂದ ಬಂದಾಗಲೆಲ್ಲ ರಾಗ ಎಳೆಯುತ್ತಿದ್ದರು. ಗೆಣ್ಣುಗಳು ಊದಿ ಕೆಂಪಾದ ಮೇಲೆ ಅವರೂ ಸುಮ್ಮನಾದರು.

ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಒಬ್ಬರು ಫಿಜಿಷಿಯನ್ ಇದ್ದಾರೆ. ವಯಸ್ಸಾದವರು, ಒಳ್ಳೆಯ ಹೆಸರಿದೆ, ಕ್ಲಿನಿಕ್ ಮುಂದೆ ಯಾವಾಗಲೂ ಜನ. ಅವರು ಮೊದಲು ಟೈಪಿಂಗ್ ಕಡಿಮೆ ಮಾಡಿ ಅಂದರು. ಆಮೇಲೆ ವಾತ ಅಂದರು. ಆಮೇಲೆ ಬ್ಲಡ್ ಟೆಸ್ಟ್ ಬರೆದರು. ರಿಪೋರ್ಟ್ ನೋಡಿ “ರುಮಟಾಯ್ಡ್ ಆರ್ಥ್ರೈಟಿಸ್” ಅಂದರು. ಮೈ ತನ್ನ ಕೀಲುಗಳನ್ನು ತಾನೇ ಶತ್ರು ಅಂದುಕೊಂಡು ಕಾದಾಡುವ ಕಾಯಿಲೆಯಂತೆ. ಸುಮ್ಮನೆ ಬಿಟ್ಟರೆ ಬೆರಳು ಸೊಟ್ಟಗಾಗುತ್ತದೆ, ಆಮೇಲೆ ನೆಟ್ಟಗಾಗುವುದಿಲ್ಲ. ಅದಕ್ಕೆ ಒಂದು ಮಾತ್ರೆ ಇದೆ, ಅದೇ ಸರಿಯಾದ ಮಾತ್ರೆ ಎಂದು ಚೀಟಿ ಬರೆದು ಕೊಟ್ಟರು. ಹೊರಗೆ ಜನ ಬಾಗಿಲು ತಳ್ಳುತ್ತಿದ್ದರು. ಇವರ ಫೋನ್ ಬಡಿದುಕೊಳ್ಳುತ್ತಿತ್ತು. ಫೋನ್ ಎತ್ತಿಕೊಳ್ಳುತ್ತಲೇ ನನಗೆ ಹೇಳಿದರು.

“ಸೋಮವಾರದಿಂದ ತಗೊಳ್ಳಿ.”

ಸೋಮವಾರದಿಂದ ತೆಗೆದುಕೊಂಡೆ. ಸೋಮವಾರ, ಮಂಗಳವಾರ, ಬುಧವಾರ. ಸೋಮವಾರದಿಂದ ಎಂದರೆ ಇನ್ನೇನು ಅರ್ಥ?

ಅದು ವಾರಕ್ಕೊಮ್ಮೆ ಮಾತ್ರ ನುಂಗುವ ಮಾತ್ರೆ. ದಿನಾ ನುಂಗಿದರೆ ವಿಷ. ಅವರು ಹೇಳಬೇಕಿದ್ದದ್ದು ‘ಸೋಮವಾರ ಸೋಮವಾರ’. ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಒಂದು ಗೀಟಿನ ಹಾಗೆ ಬರೆದಿತ್ತಂತೆ, ಅದು ವೀಕ್ಲಿ ಅಂತೆ. ಔಷಧಿ ಅಂಗಡಿಯವನು ಸ್ಟ್ರಿಪ್ ಕತ್ತರಿಸಿ ಕವರಿಗೆ ಹಾಕಿ ಕೊಟ್ಟ, ಅಷ್ಟೆ. ಒಂದು ಪ್ರತ್ಯಯ ಹೆಚ್ಚುಕಮ್ಮಿಯಾದರೆ ಜಮೀನು ಯಾರದೋ ಪಾಲಾಗುತ್ತದೆ ಎಂದು ನನಗೆ ಕಸುಬಿನಿಂದ ಗೊತ್ತಿತ್ತು. ಬಾಯಿಗೂ ಹಾಗೆಯೇ ಎಂದು ಗೊತ್ತಿರಲಿಲ್ಲ.

ಬಾಯಿ ತುಂಬ ಹುಣ್ಣಾಯಿತು. ತುಟಿ, ನಾಲಗೆ, ಗಂಟಲು. ನೀರು ಕುಡಿದರೆ ಕಣ್ಣಲ್ಲಿ ನೀರು. ಜ್ವರ ಏರಿತು, ತಲೆ ಬಾಚಿದರೆ ಕೂದಲು ಕೈಗೇ ಬಂತು. ಯಜಮಾನರು ಕಾರು ಮಾಡಿಕೊಂಡು ಕೊರಟಗೆರೆ ಮೇಲೆ ತುಮಕೂರಿಗೆ ಕರೆದೊಯ್ದರು. ಅಲ್ಲಿಯ ಡಾಕ್ಟರ್ ಮಾತ್ರೆಯ ಸ್ಟ್ರಿಪ್ಪನ್ನೂ ನನ್ನ ಮುಖವನ್ನೂ ನೋಡಿದರು. “ಇನ್ನೆರಡು ದಿನ ತಡ ಮಾಡಿದ್ರೆ ಕಷ್ಟ ಇತ್ತು” ಅಂದರು. ಯಾರ ತಪ್ಪು ಎಂದು ಹೇಳಲಿಲ್ಲ. ಕೇಳಿದರೆ “ಈಗ ಅದೆಲ್ಲ ಯಾಕಮ್ಮ” ಅಂದರು. ಬ್ಲಡ್ ಕೌಂಟ್ ಮೇಲೆ ಬರುವವರೆಗೂ ಅಲ್ಲಿಯೇ ಇದ್ದೆ. ಮನೆಗೆ ಕಳಿಸುವಾಗ ಇನ್ನೊಂದು ಮಾತು ಹೇಳಿದರು. ಮಾತ್ರೆ ಮಾತ್ರ ಅದೇ ಸರಿ, ಸುಧಾರಿಸಿಕೊಂಡ ಮೇಲೆ ವಾರಕ್ಕೊಂದರ ಹಾಗೆ ಮತ್ತೆ ಶುರು ಮಾಡಲೇಬೇಕು, ಇಲ್ಲದಿದ್ದರೆ ಬೆರಳು ಉಳಿಯುವುದಿಲ್ಲ.

ಊರಿಗೆ ಬಂದು ಫಿಜಿಷಿಯನ್ ಬಳಿ ಹೋದೆ. ಅವರು ತುಮಕೂರಿನ ಡಿಸ್ಚಾರ್ಜ್ ಕಾಗದವನ್ನು ಎರಡು ಸಲ ಓದಿದರು.

“ಸರಿಯಾಗಿ ಕೇಳಿಸ್ಕೊಬೇಕಲ್ವೇನಮ್ಮ. ಬರೆದೇ ಕೊಟ್ಟಿದ್ದೀನಿ.”

“ಸೋಮವಾರದಿಂದ ಅಂದ್ರಿ ಸಾರ್.”

“ಹಾಗೆ ನಾನು ಅನ್ನಲ್ಲ.”

ಮಾತು ಮುಗಿಯಿತು. ಮನೆಯಲ್ಲೂ ಅದೇ ರಾಗ. ಊರವರ ಕಾಗದವನ್ನೆಲ್ಲ ಓದುವವಳಿಗೆ ತನ್ನ ಚೀಟಿ ಓದಲು ಬರಲಿಲ್ಲ ಎಂದು ನೆಂಟರು ಆಡಿಕೊಂಡರು. ನನಗೆ ಮೈ ಪರಚಿಕೊಳ್ಳುವ ಹಾಗಾಯಿತು. ಅವತ್ತೇ ಶಪಥ ಮಾಡಿದೆ. ಯಾರಾದರೂ ಒಬ್ಬರು ‘ತಪ್ಪು ನಮ್ಮದು’ ಅನ್ನುವವರೆಗೂ ಆ ಮಾತ್ರೆಯನ್ನು ಬಾಯಿಗೆ ಹಾಕುವುದಿಲ್ಲ. ಬೆರಳು ಸೊಟ್ಟಗಾದರೆ ಆಗಲಿ. ಮೂರ್ಖತನ ಎಂದು ಗೊತ್ತು. ಹೆದರಿಕೆಯೂ ಇತ್ತು, ಹಟವೂ ಇತ್ತು. ಯಾವುದು ಎಷ್ಟು ಎಂದು ಇವತ್ತಿಗೂ ಹೇಳಲಾರೆ. ನೋವಿನ ಮಾತ್ರೆ ನುಂಗಿಕೊಂಡು, ಬಿಸಿನೀರಲ್ಲಿ ಕೈ ಅದ್ದಿಕೊಂಡು ದಿನ ತಳ್ಳಿದೆ. ಬಲಗೈ ಕಿರುಬೆರಳು ಪಕ್ಕದ ಬೆರಳಿನಿಂದ ಸ್ವಲ್ಪ ಸ್ವಲ್ಪವೇ ದೂರ ವಾಲತೊಡಗಿತು.

ಹೀಗಿರುವಾಗ ಭಾಗ್ಯಳಿಗೆ ಆಪರೇಷನ್ ಆಯಿತು.

ಭಾಗ್ಯ ನನ್ನ ವಾರಗಿತ್ತಿ, ಮೈದುನ ರಂಗನಾಥನ ಹೆಂಡತಿ. ಕಳ್ಳಂಬೆಳ್ಳದಲ್ಲಿದ್ದಾರೆ. ಪಿತ್ತಕೋಶದಲ್ಲಿ ಕಲ್ಲು. ಶಿರಾದ ಒಂದು ನರ್ಸಿಂಗ್ ಹೋಮಿನಲ್ಲಿ ಲ್ಯಾಪ್ರೋಸ್ಕೋಪಿ ಮಾಡುತ್ತಾರೆ ಎಂದು ಸೇರಿಸಿದ್ದರು. ಜೊತೆಗೆ ಒಬ್ಬ ಹೆಂಗಸು ಬೇಕೆಂದು ನಾನು ಹೋದೆ. ಅಲ್ಲಿ ಕಂಡದ್ದನ್ನು ನೇರವಾಗಿ ಹೇಳಿಬಿಡುತ್ತೇನೆ. ನನಗೆ ಹೊಟ್ಟೆ ಉರಿಯಿತು.

ಸರ್ಜನ್ ಪಾವಗಡದ ಕಡೆಯವರು, ನಲವತ್ತರ ಆಸುಪಾಸು. ಬೆಳಿಗ್ಗೆ ಏಳಕ್ಕೆ ಬರುತ್ತೇನೆ ಅಂದರೆ ಏಳಕ್ಕೆ ವಾರ್ಡಿನಲ್ಲಿ. ಅವರ ಹಿಂದೆ ನರ್ಸ್ ಓಡುತ್ತಿದ್ದಳು. ಭಾಗ್ಯಳ ಹೆಸರು ಕೇಳಿದರು. ಗಂಡನ ಹೆಸರು ಕೇಳಿದರು. ಯಾಕೆ ಬಂದಿದ್ದೀರಿ, ಏನು ಆಪರೇಷನ್, ನೀವೇ ಹೇಳಿ ಅಂದರು. ಅವಳು ಹೇಳಿದ ಮೇಲೆ ಹೊಟ್ಟೆಯ ಬಲಗಡೆ ಪೆನ್ನಿನಲ್ಲಿ ಗುರುತು ಹಾಕಿದರು. ಅವರು ಹೋದ ಮೇಲೆ ಅರಿವಳಿಕೆಯವರು ಬಂದು ಮತ್ತೆ ಅದೇ ಪ್ರಶ್ನೆ. ಥಿಯೇಟರ್ ಬಾಗಿಲಲ್ಲಿ ನರ್ಸ್ ಮತ್ತೆ ಅದೇ ಪ್ರಶ್ನೆ.

“ಹೆಣ್ಣು ನೋಡಕ್ಕೆ ಬಂದೋರೂ ಇಷ್ಟು ಕೇಳಿರ್ಲಿಲ್ಲ ಕಣಕ್ಕ” ಎಂದು ಭಾಗ್ಯ ಸ್ಟ್ರೆಚರ್ ಮೇಲೆ ಮಲಗಿಕೊಂಡೇ ನಕ್ಕಳು.

ನಾನು ನಗಲಿಲ್ಲ. ನನ್ನನ್ನು ಯಾರೂ ಒಂದು ಸಲವೂ ಕೇಳಿರಲಿಲ್ಲ. ‘ಏನು ಹೇಳಿದೆ ನಾನು, ನೀವು ಹೇಳಿ’ ಎಂದು ಒಂದೇ ಒಂದು ಸಲ ಕೇಳಿದ್ದರೆ ಸಾಕಿತ್ತು. ಪೆನ್ನಿನ ಗುರುತು ಬೇಡ, ಥಿಯೇಟರ್ ಬೇಡ. ನನ್ನ ಬಾಯಿಂದ ‘ದಿನಾ’ ಎನ್ನುವ ಪದ ಬರುತ್ತಿತ್ತು, ಡಾಕ್ಟರ್ ಗಾಬರಿಯಾಗುತ್ತಿದ್ದರು, ಮುಗಿಯುತ್ತಿತ್ತು.

ಆಪರೇಷನ್ ಚೆನ್ನಾಗಿ ಆಯಿತು ಅಂದರು. ಕಲ್ಲುಗಳನ್ನು ಒಂದು ಪುಟ್ಟ ಡಬ್ಬಿಯಲ್ಲಿ ಹಾಕಿ ಕೊಟ್ಟರು. ಮನೆಗೆ ಬಂದ ಭಾಗ್ಯಳನ್ನು ನೋಡಲು ಕಳ್ಳಂಬೆಳ್ಳವೇ ಬಂತು. ಬ್ರೆಡ್ಡು, ಎಳನೀರು, ದಾಳಿಂಬೆ, ಹಾರ್ಲಿಕ್ಸು. ಅತ್ತೆ ಆ ಡಬ್ಬಿಯನ್ನು ಬಂದವರಿಗೆಲ್ಲ ತೋರಿಸಿದರು. ಜನ ಅದನ್ನು ಅಲ್ಲಾಡಿಸಿ ಸದ್ದು ಕೇಳಿ, ಬೆಳಕಿಗೆ ಹಿಡಿದು, “ಅಯ್ಯೋ, ಇಷ್ಟೊಂದು ಹೊತ್ಕಂಡು ಹೆಂಗೆ ಓಡಾಡ್ತಿದ್ಯಮ್ಮ ತಾಯಿ” ಎಂದು ಭಾಗ್ಯಳ ಗಲ್ಲ ಸವರಿದರು. ನಾನು ಬಾಯಿ ಹುಣ್ಣಾಗಿ ತುಮಕೂರಿನಲ್ಲಿ ಮಲಗಿದ್ದಾಗ ಇವರಲ್ಲಿ ಯಾರೂ ಬಂದಿರಲಿಲ್ಲ. ಬಂದರೂ ನೋಡುವುದೇನು? ಹೊಲಿಗೆ ಇಲ್ಲ, ಬ್ಯಾಂಡೇಜ್ ಇಲ್ಲ, ಡಬ್ಬಿ ಇಲ್ಲ. ಮಾತ್ರೆ ನುಂಗಿ ಮಲಗಿದವಳು. ಹೊಟ್ಟೆ ಸೀಳಿದ ಅಕ್ಷರಕ್ಕೇ ಮಹಾಪ್ರಾಣ ಎಂಬ ದೊಡ್ಡ ಹೆಸರು, ಸೀಳದ್ದು ಅಲ್ಪಪ್ರಾಣ. ಕಾಯಿಲೆಯಲ್ಲೂ ಹಾಗೆಯೇ ಎಂದು ಕೊಟ್ಟಿಗೆಯ ಕಡೆ ಹೋಗಿ ಒಬ್ಬಳೇ ಗೊಣಗಿಕೊಂಡೆ.

ಅವಳ ಪಾತ್ರೆ ತೊಳೆದೆ, ಗಂಜಿ ಕಾಯಿಸಿದೆ, ಊದಿದ ಕೈಯಲ್ಲೇ ಅವಳ ಜಡೆ ಹಾಕಿದೆ. ಒಳಗೊಳಗೆ ಕುದಿಯುತ್ತಲೇ ಎಲ್ಲವನ್ನೂ ಮಾಡಿದೆ.

ಮತ್ತೆ ಭಾಗ್ಯಳಿಗೆ ಹೊಟ್ಟೆನೋವು ಶುರುವಾಯಿತು. ಗ್ಯಾಸ್ ಇರಬೇಕು ಅಂದುಕೊಂಡೆವು. ಜ್ವರ ಬಂತು. ಕಣ್ಣು ಹಳದಿಯಾದ ಹಾಗೆ ಕಂಡಿತು. ದಾಳಿಂಬೆ ಜಾಸ್ತಿ ಆಯಿತು ಎಂದು ಅತ್ತೆ ಮನೆಯವರೆಲ್ಲ ಒಬ್ಬರನ್ನೊಬ್ಬರು ಬೈಯುವಂತೆ ಮಾಡಿದರು. ರಂಗನಾಥ ಸರ್ಜನ್‌ಗೆ ಫೋನ್ ಮಾಡಿದ. ಅವರು “ಈಗಲೇ ಕರ್ಕೊಂಡು ಬನ್ನಿ, ಏನೂ ತಿನ್ನಿಸ್ಬೇಡಿ” ಅಂದರು. ನಾವು ಶಿರಾ ತಲುಪುವ ಹೊತ್ತಿಗೆ ಅವರು ಬಾಗಿಲಲ್ಲೇ ನಿಂತಿದ್ದರು. ಸ್ಕ್ಯಾನ್ ಮಾಡಿಸಿದರು. ಆಮೇಲೆ ರಂಗನಾಥನನ್ನೂ ನನ್ನನ್ನೂ ಕಾರಿಡಾರಿನ ಬೆಂಚಿನ ಮೇಲೆ ಕೂರಿಸಿ, ತಾವು ನಿಂತೇ ಮಾತಾಡಿದರು.

“ಪಿತ್ತದ ನಾಳಕ್ಕೆ ನಾನು ಹಾಕಿದ್ದ ಕ್ಲಿಪ್ ಜಾರಿದೆ. ಪಿತ್ತ ಹೊಟ್ಟೆಯೊಳಗೆ ಸೋರ್ತಾ ಇದೆ. ಇದು ಊಟದಿಂದ ಆದದ್ದಲ್ಲ, ಅವರು ಓಡಾಡಿದ್ರಿಂದ ಆದದ್ದೂ ಅಲ್ಲ. ನನ್ನ ಕೈಕೆಲಸದಲ್ಲಿ ಆದ ತಪ್ಪು.”

ರಂಗನಾಥ ಬೆಂಚಿನಿಂದ ಎದ್ದು ನಿಂತ.

“ಈಗಲೇ ಇನ್ನೊಂದು ಸಲ ಒಳಗೆ ನೋಡಿ ಸರಿಮಾಡ್ಬೇಕು. ನಾನೇ ಮಾಡ್ತೀನಿ. ಬೇರೆ ಕಡೆ ಹೋಗ್ತೀವಿ ಅಂದ್ರೂ ಸರಿ, ನಾನೇ ಫೋನ್ ಮಾಡಿ ಕಳಿಸ್ತೀನಿ, ಆಂಬುಲೆನ್ಸಲ್ಲಿ ಜೊತೆಗೂ ಬರ್ತೀನಿ. ಯೋಚನೆ ಮಾಡಿ, ಆದ್ರೆ ಬೇಗ ಹೇಳಿ.”

ನನ್ನ ಕೈಕೆಲಸದಲ್ಲಿ ಆದ ತಪ್ಪು.

ಆ ಮಾತು ಕೇಳಿದಾಗ ನನಗೆ ಭಾಗ್ಯಳ ಮೇಲೆ ಕನಿಕರ ಬರಬೇಕಿತ್ತು. ಒಳಗೆ ಮಲಗಿ ನರಳುತ್ತಿದ್ದಳು, ಪಾಪ. ಬಂದದ್ದು ಹೊಟ್ಟೆಕಿಚ್ಚು. ಅವಳಿಗೆ ಬಂದ ದಾಳಿಂಬೆ ನೋಡಿ ಆಗಿದ್ದ ಹೊಟ್ಟೆಕಿಚ್ಚು ಇದರ ಮುಂದೆ ಏನೂ ಅಲ್ಲ. ನಾನು ತಿಂಗಳುಗಟ್ಟಲೆ ಬೆರಳು ಸೊಟ್ಟ ಮಾಡಿಕೊಂಡು ಕಾಯುತ್ತಿದ್ದ ಮಾತು ಅವಳಿಗೆ ಕೇಳದೆಯೇ ಸಿಕ್ಕಿತು. ಅದೂ ಅವಳು ಇಲ್ಲದ ಕಡೆ, ಅವಳ ಕಿವಿಗೂ ಬೀಳದ ಹಾಗೆ. ಕೇಳಿಸಿಕೊಂಡವಳು ನಾನು.

ರಂಗನಾಥ ಒಪ್ಪಿದ. ಸರ್ಜನ್ ಆಪರೇಷನ್ ಮುಗಿಸಿ ಬಂದು ಸರಿಯಾಗಿದೆ ಅಂದರು. ಹೊಟ್ಟೆಯಿಂದ ಒಂದು ಟ್ಯೂಬ್ ಬಿಟ್ಟಿದ್ದರು. ಅದರ ಚೀಲದಲ್ಲಿ ಎಷ್ಟು ಬಂತು, ಯಾವ ಬಣ್ಣ ಎಂದು ಪ್ರತಿ ಬೆಳಿಗ್ಗೆ ತಾವೇ ಬಗ್ಗಿ ನೋಡುತ್ತಿದ್ದರು. ಭಾನುವಾರವೂ ಬಂದರು. ಭಾಗ್ಯ ಚೇತರಿಸಿಕೊಂಡಳು, ಮನೆಗೆ ಹೋದಳು.

ಕೆಲವು ದಿನ ಕಳೆದು ರಂಗನಾಥ ನನ್ನ ಅಂಗಡಿಗೆ ಬಂದ. ಕೈಯಲ್ಲಿ ಯಾರೋ ವಕೀಲರ ಬಳಿ ಬರೆಸಿದ ಕರಡು.

“ಅತ್ಗೆ, ಇದೊಂದು ಟೈಪ್ ಮಾಡ್ಕೊಡು. ಡಾಕ್ಟ್ರ ಮ್ಯಾಲೆ ಕಂಪ್ಲೇಂಟು. ಮೆಡಿಕಲ್ ಕೌನ್ಸಿಲ್ಗೆ.”

“ಭಾಗ್ಯ ಚೆನ್ನಾಗವ್ಳಲ್ಲ ರಂಗ, ಈಗ್ಯಾಕೆ?”

“ಚೆನ್ನಾಗವ್ಳೆ ಅಂತ ಸುಮ್ಕೆ ಬುಡಕ್ಕಾಯ್ತದಾ? ಎರಡೆರಡ್ ಸಲ ಹೊಟ್ಟೆ ಕುಯ್ದವ್ನೆ. ನಾಳೆ ಇನ್ನೊಬ್ರಿಗೂ ಇಂಗೇ ಮಾಡ್ತಾನೆ. ಲೈಸೆನ್ಸ್ ಕಿತ್ಕಬೇಕು ಅವಂದು.”

ನಾನು ಕೂತೆ. ಡಾಕ್ಟರ ಮೇಲಿನ ದೂರುಗಳನ್ನು ಹಿಂದೆಯೂ ಟೈಪ್ ಮಾಡಿದ್ದೇನೆ. ಎಲ್ಲವೂ ಆಪರೇಷನ್ ಮಾಡಿದವರ ಮೇಲೆ. ಕೀವಾಯಿತು, ಹೊಲಿಗೆ ಬಿಚ್ಚಿತು, ಕಾಲು ಗಿಡ್ಡವಾಯಿತು. ಮಾತ್ರೆ ಬರೆದವರ ಮೇಲೆ ಒಂದನ್ನೂ ಹೊಡೆದ ನೆನಪಿಲ್ಲ. ನನ್ನದನ್ನೇ ನಾನು ಹೊಡೆಯಲಿಲ್ಲ. ಏನೆಂದು ಹೊಡೆಯಲಿ? ‘ಸೋಮವಾರದಿಂದ’ ಅಂದರು, ನಾನು ‘ಸೋಮವಾರದಿಂದ’ ನುಂಗಿದೆ. ಸಾಕ್ಷಿ ಯಾರು? ಹುಣ್ಣು ಮಾಯ್ದುಹೋಗಿದೆ. ಕೂದಲು ಮತ್ತೆ ಬಂದಿದೆ. ಗಾಯ ಎಲ್ಲಿ ಎಂದು ಕೇಳಿದರೆ ನಾಲಗೆ ಚಾಚಿ ತೋರಿಸಲೇ?

ಟೈಪ್ ಮಾಡುತ್ತಾ ಹೋದೆ. ಅಡ್ಡಿಯೇ ಆಗಲಿಲ್ಲ, ಸುಳ್ಳು ಹೇಳುವುದಿಲ್ಲ. ‘ತೀವ್ರ ನಿರ್ಲಕ್ಷ್ಯ’ ಎಂದು ಹೊಡೆಯುವಾಗ ಒಂಥರಾ ಹಿತವಾಯಿತು. ಯಾರಾದರೂ ಒಬ್ಬ ಡಾಕ್ಟರ್ ನನ್ನ ಕೈಯಿಂದ ಪೆಟ್ಟು ತಿನ್ನಲಿ ಎನ್ನಿಸಿತು. ಅವರು ನನ್ನ ಡಾಕ್ಟರ್ ಅಲ್ಲವಲ್ಲ ಎಂದು ಒಂದು ಕಡೆ ಮನಸ್ಸು ಹೇಳುತ್ತಿದ್ದರೂ ಬೆರಳು ನಿಲ್ಲಲಿಲ್ಲ. ಕೊನೆಯ ಪ್ಯಾರಾಕ್ಕೆ ಬಂದೆ. ‘ಸದರಿ ವೈದ್ಯರು ತಮ್ಮ ತಪ್ಪನ್ನು ತಾವೇ ಒಪ್ಪಿಕೊಂಡಿರುತ್ತಾರೆ. ಇದಕ್ಕೆ ಶ್ರೀಮತಿ ಲಲಿತಮ್ಮ ರವರು ಪ್ರತ್ಯಕ್ಷ ಸಾಕ್ಷಿ.’

“ಕೊನೆಗೆ ನೀನೊಂದು ಸೈನ್ ಹಾಕ್ಬುಡು ಅತ್ಗೆ” ಅಂದ ರಂಗನಾಥ.

ಪ್ರಿಂಟ್ ತೆಗೆದೆ. ಪೆನ್ನು ಹಿಡಿದೆ. ಸರ್ಜನ್ ಕಾರಿಡಾರಿನಲ್ಲಿ ನಿಂತು ಹೇಳಿದ ಮಾತು, ನಾನು ಹೊಟ್ಟೆ ಉರಿದುಕೊಂಡ ಮಾತು, ಈಗ ಆರೋಪದ ಪಟ್ಟಿಯ ಕೊನೆಯಲ್ಲಿ ಕೂತಿತ್ತು.

“ರಂಗ, ಈ ಕೊನೇ ಸಾಲು ತೆಗಿ. ಸೈನ್ ಮಾಡ್ತೀನಿ.”

“ಅದ್ನ ತೆಗುದ್ರೆ ಕಂಪ್ಲೇಂಟಲ್ಲಿ ಏನೈತೆ ಅತ್ಗೆ? ಅದೇ ಅಲ್ವಾ ಸಾಕ್ಷಿ!”

“ಅದೇ ಕಣಪ್ಪ. ಅವ್ರು ಹೇಳಿರ್ಲಿಲ್ಲ ಅಂದ್ರೆ ನೀನು ಭಾಗ್ಯಂಗೆ ದಾಳಿಂಬೆ ತಂದ್ಕೊಟ್ಟೋರ ಜೊತೆ ಜಗಳ ಆಡ್ತಿದ್ದೆ.”

“ನೀನು ಯಾರ ಕಡೆ?” ಅಂದ. ಮುಖ ಕೆಂಪಾಗಿತ್ತು.

ನಾನು ಯಾರ ಕಡೆ ಎಂದು ನನಗೇ ಗೊತ್ತಿರಲಿಲ್ಲ. ಸೈನ್ ಮಾತ್ರ ಹಾಕಲಿಲ್ಲ. ಹಾಳೆಗಳನ್ನು ಕಿತ್ತುಕೊಂಡು ಹೋದ. ಆಮೇಲೆ ಭಾಗ್ಯಳೂ ಸಹಿ ಹಾಕಲು ಒಪ್ಪಲಿಲ್ಲವಂತೆ. “ಮುಂದಿನ ವಾರ ಅವ್ರ ತಾವೇ ತೋರ್ಸಕ್ಕೆ ಹೋಗ್ಬೇಕು, ಯಾವ ಮುಖ ಇಟ್ಕಂಡು ಹೋಗ್ಲಿ ನಾನು” ಎಂದು ಗಂಡನ ಮೇಲೆ ಹರಿಹಾಯ್ದಳಂತೆ. ರಂಗನಾಥ ನನ್ನ ಜೊತೆ ಮಾತು ಬಿಟ್ಟ. ಇನ್ನೂ ಪೂರ್ತಿ ಸರಿಹೋಗಿಲ್ಲ.

ಅವನ ಬದಲು ನಾನೇ ಭಾಗ್ಯಳನ್ನು ಶಿರಾಕ್ಕೆ ಕರೆದೊಯ್ದೆ. ಸರ್ಜನ್ ಅವಳ ಹೊಲಿಗೆ ನೋಡಿದರು, ಹೊಟ್ಟೆ ಒತ್ತಿ ನೋಡಿದರು, ಎಲ್ಲ ಸರಿ ಅಂದರು. ಹೊರಡುವಾಗ ನನ್ನ ಬಾಯಿ ಸುಮ್ಮನಿರಲಿಲ್ಲ. ಕೈ ಎರಡನ್ನೂ ಅವರ ಮೇಜಿನ ಮೇಲೆ ಚಾಚಿದೆ.

“ಸಾರ್, ನನ್ನ ಕೈನೂ ಆಪರೇಷನ್ ಮಾಡಿ ಸರಿಮಾಡ್ಬಿಡಿ.”

ಭಾಗ್ಯ ಕಿಸಕ್ಕೆಂದಳು. ಅವರು ನಗಲಿಲ್ಲ. ಒಂದೊಂದು ಗೆಣ್ಣನ್ನೂ ಒತ್ತಿದರು. ಏನು ಔಷಧಿ ನಡೆಯುತ್ತಿದೆ ಎಂದು ಕೇಳಿದರು. ನಾನು ಎಲ್ಲವನ್ನೂ ಒದರಿಬಿಟ್ಟೆ. ಸೋಮವಾರ, ಬಾಯಿಹುಣ್ಣು, ಶಪಥ.

“ಇದು ಕುಯ್ಯೋ ಕಾಯಿಲೆ ಅಲ್ಲಮ್ಮ” ಅಂದರು. “ಕುಯ್ಯಬಾರದ್ದನ್ನ ಕುಯ್ಯದೇ ಇರೋದೂ ನಮ್ಮ ಕೆಲಸಾನೇ. ಆ ಮಾತ್ರೆ ತಗೊಳ್ಳಿ. ಬೆರಳು ಉಳಿಯುತ್ತೆ.”

“ನಿಮ್ಮ ಹಾಗೆ ಶಿಸ್ತಾಗಿ ಹೇಳೋರು ಸಿಕ್ಕಿದ್ರೆ ತಗೊಳ್ತಿದ್ದೆ ಸಾರ್. ಆಪರೇಷನ್ ಮಾಡೋರಿಗೆ ಇರೋ ಶಿಸ್ತು ಮಾತ್ರೆ ಡಾಕ್ಟ್ರಿಗೆ ಯಾಕಿಲ್ಲ?”

ಅವರು ಪೆನ್ನು ಕೆಳಗಿಟ್ಟರು. “ಶಿಸ್ತು ಅಂತ ನೀವು ಅಂತೀರ. ಅರ್ಧ ಹೆದರಿಕೆ ಅದು. ನಾವು ಮಾಡಿದ್ದು ವಾರ ಕಳೆಯೋದ್ರೊಳಗೆ ಹೊಟ್ಟೆ ಮೇಲೆ ಕಾಣುತ್ತೆ, ಬಚ್ಚಿಡಕ್ಕೆ ಜಾಗ ಇಲ್ಲ. ಒಬ್ರನ್ನ ಮಲಗಿಸಿದ್ರೆ ಆ ಹೊತ್ತಿಗೆ ಅವ್ರೊಬ್ರೇ ನಮಗೆ. ನಿಮ್ಮ ಡಾಕ್ಟ್ರ ಮುಂದೆ ಬಾಗಿಲ ತುಂಬ ಜನ. ಅವ್ರು ತಪ್ಪಿದ್ರೆ ಅವ್ರಿಗೇ ಗೊತ್ತಾಗಲ್ಲ. ಗೊತ್ತಾಗೋಷ್ಟರಲ್ಲಿ ರೋಗಿ ಇನ್ನೆಲ್ಲೋ ಇರ್ತಾರೆ.” ಆಮೇಲೆ ಗೋಡೆಯ ಕಡೆ ನೋಡುತ್ತಾ ಸೇರಿಸಿದರು. “ನನ್ನ ಮೇಲೂ ಏನೋ ಬರೆಸ್ತಿದ್ರು ಅಂತ ಕೇಳ್ದೆ. ಬರೆದ್ರೂ ನಾನು ಅವತ್ತು ಹೇಳಿದ್ದನ್ನೇ ಹೇಳ್ತಿದ್ದೆ.”

ನಾನು ಚಪ್ಪಲಿಯ ಕಡೆ ನೋಡಿದೆ. ಬರೆದವಳು ಎದುರಿಗೇ ಕೂತಿದ್ದಾಳೆ ಎಂದು ಅವರಿಗೆ ಗೊತ್ತಿತ್ತೋ ಇಲ್ಲವೋ. ಭಾಗ್ಯ ಮಾತ್ರ ನನ್ನ ಸೊಂಟಕ್ಕೆ ಮೊಣಕೈಯಲ್ಲಿ ತಿವಿದಳು.

ಆ ವಾರವೇ ಮಧುಗಿರಿಯ ಫಿಜಿಷಿಯನ್ ಬಳಿ ಹೋದೆ. ಬೇರೆ ಡಾಕ್ಟರ ಬಳಿ ಹೋಗಬಹುದಿತ್ತು. ಆದರೆ ನನಗೆ ಬೇಕಾದ ಮಾತು ಬೇರೆ ಯಾರ ಬಳಿಯೂ ಇರಲಿಲ್ಲ. ಮೇಜಿನ ಮೇಲೆ ಕೈ ಇಟ್ಟೆ. ಅವರು ಕಿರುಬೆರಳನ್ನು ನೋಡಿ ಮುಖ ಸಣ್ಣದು ಮಾಡಿಕೊಂಡರು.

“ಮಾತ್ರೆ ಶುರು ಮಾಡ್ಲಿಲ್ವೇನಮ್ಮ?”

“ಮಾಡ್ತೀನಿ ಸಾರ್. ನೀವೊಂದು ಮಾತು ಹೇಳ್ಬೇಕು. ಅವತ್ತು ಸೋಮವಾರದಿಂದ ಅಂದಿದ್ದು ನೀವೇ ಅಂತ. ಅಷ್ಟೇ. ನನಗೆ ಇನ್ನೇನೂ ಬೇಡ.”

ಅವರು ಕನ್ನಡಕ ತೆಗೆದು ಒರೆಸಿದರು. ತುಂಬಾ ಹೊತ್ತು ಒರೆಸಿದರು.

“ಶಿರಾದಲ್ಲಿ ಒಬ್ಬ ಸರ್ಜನ್ ಬಾಯಿಬಿಟ್ಟು ಹೇಳಿದ್ರಂತೆ. ಅದನ್ನೇ ಕಂಪ್ಲೇಂಟ್ ಮಾಡಿ ಟೈಪ್ ಮಾಡಿಸಿದ್ರಂತೆ. ಚಿಕ್ಕ ಊರಮ್ಮ, ನಮಗೂ ಗೊತ್ತಾಗುತ್ತೆ. ಯಾರು ಟೈಪ್ ಮಾಡಿದ್ದು ಅಂತಾನೂ ಗೊತ್ತಾಗುತ್ತೆ.”

ಮೇಜಿನ ಮೇಲಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡೆ.

ಒಂದು ತಿಂಗಳ ಹಿಂದೆ ಕೇಳಿದ್ದರೆ, ನಾನು ಅಂಥವಳಲ್ಲ ಸಾರ್ ಎಂದು ಎದೆಯುಬ್ಬಿಸಿ ಹೇಳುತ್ತಿದ್ದೆ. ಈಗ ಆ ಪುಟಗಳು ನನ್ನ ಕಂಪ್ಯೂಟರಿನಲ್ಲಿ ಇನ್ನೂ ಇದ್ದವು. ಸೈನ್ ಹಾಕಲಿಲ್ಲ ಎಂದು ಹೇಳಿಕೊಳ್ಳಲು ನಾಲಗೆ ಏಳಲಿಲ್ಲ. ಅವರೂ ಒತ್ತಿ ಕೇಳಲಿಲ್ಲ. ಚೀಟಿ ಎಳೆದುಕೊಂಡು ಬರೆಯತೊಡಗಿದರು. ಈ ಸಲ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ.

“ಸೋಮವಾರ ಮಾತ್ರ. ವಾರಕ್ಕೆ ಒಂದೇ ಸಲ. ಬೇರೆ ದಿನ ಇದನ್ನ ಮುಟ್ಟೋದೇ ಬೇಡ. ಏನು ಹೇಳ್ದೆ ನಾನು? ನೀವು ಹೇಳಿ.”

“ಸೋಮವಾರ ಮಾತ್ರ.”

“ಮಂಗಳವಾರ?”

“ಇಲ್ಲ ಸಾರ್.”

“ಇನ್ನೊಂದ್ಸಲ ಪೂರ್ತಿ ಹೇಳಿ.”

ಮಗ್ಗಿ ಒಪ್ಪಿಸುವ ಹಾಗೆ ಹೇಳಿದೆ. ಸಿಟ್ಟೂ ಬಂತು, ನಾಚಿಕೆಯೂ ಆಯಿತು. ನಾನು ಕೇಳಿದ್ದಕ್ಕೆ ಅವರು ಉತ್ತರ ಕೊಟ್ಟಿರಲಿಲ್ಲ. ಹೊರಗೆ ಬಂದು ಚಪ್ಪಲಿಯ ಬಕಲ್ ಹಾಕಿಕೊಳ್ಳಲು ಬೆಂಚಿನ ಮೇಲೆ ಕೂತೆ. ಬೆರಳು ಮಾತು ಕೇಳುತ್ತಿರಲಿಲ್ಲ, ಹಾಗಾಗಿ ಹೊತ್ತು ಹಿಡಿಯಿತು. ಒಳಗೆ ತಿರುಮಣಿ ಕಡೆಯ ಒಬ್ಬ ತೆಲುಗು ತಾತ ಹೋಗಿದ್ದ. ಬಾಗಿಲ ಸಂದಿಯಿಂದ ಡಾಕ್ಟರ ದನಿ ಕೇಳಿಸಿತು.

“ಏನು ಹೇಳ್ದೆ ನಾನು? ನೀನು ಹೇಳು ತಾತ.”

“ರಾತ್ರಿ ತಿನ್ನಾಕ ಒಕಟಿ ಸಾರ್.”

“ದಿನಾ ರಾತ್ರಿನಾ, ಒಂದು ದಿನ ಮಾತ್ರಾನಾ?”

“ರೋಜೂ ಸಾರ್, ರೋಜೂ.”

“ಹಾಂ. ಇನ್ನೊಂದ್ಸಲ ಹೇಳು.”

ಚೀಟಿ ಕೊಡುವ ಹೆಂಗಸು ನನ್ನ ಪಕ್ಕ ನಿಂತಿದ್ದಳು. ಕ್ಯೂ ಬೆಳೆಯುತ್ತಿರುವುದನ್ನು ನೋಡಿ ಗೊಣಗಿದಳು.

“ಈಚೀಚೆಗೆ ಎಲ್ರಿಗೂ ಇಂಗೇ ಕಣಮ್ಮ. ಒಬ್ಬೊಬ್ರ ಬಾಯಲ್ಲೂ ಒಪ್ಪಿಸ್ಕಂಡೇ ಕಳ್ಸೋದು. ನೀವು ತುಮಕೂರಾಗೆ ಮಲ್ಗಿದೀರ ಅಂತ ಸುದ್ದಿ ಬಂತಲ್ಲ, ಅವತ್ತಿಂದ ಹಿಡ್ದವ್ರೆ ಇದ್ನ. ಸಂಜೆ ಮನೆಗೆ ಹೋಗೋದೇ ಹೊತ್ತಾಗ್ತದೆ ನಂಗೆ.”

ನಾನು ಬಕಲ್ ಹಾಕುವುದನ್ನು ಬಿಟ್ಟೆ.

ತಾತ ಹೊರಗೆ ಬಂದ. ‘ಒಂದು’ ಎನ್ನುವುದನ್ನೇ ತೆಲುಗಿನಲ್ಲಿ ಜಪ ಮಾಡಿಕೊಳ್ಳುವವನ ಹಾಗೆ ‘ಒಕಟಿ, ಒಕಟಿ’ ಎಂದುಕೊಳ್ಳುತ್ತಾ, ಖುಷಿಯಾಗಿ ಮೆಟ್ಟಿಲಿಳಿದ. ಅವನ ಹಿಂದೆ ಮಗು ಎತ್ತಿಕೊಂಡ ಹುಡುಗಿಯೊಬ್ಬಳು ಒಳಗೆ ಹೋದಳು. ಅವಳೂ ಒಪ್ಪಿಸಿದಳು. ಇವರು ಯಾರಿಗೂ ಬಾಯಿ ಹುಣ್ಣಾಗಿರಲಿಲ್ಲ, ಯಾರೂ ಬೆರಳು ಸೊಟ್ಟ ಮಾಡಿಕೊಂಡು ಕಾದಿರಲಿಲ್ಲ. ನನಗೆ ಬರಬೇಕಾದ ಮಾತನ್ನು ಆ ಮನುಷ್ಯ ನಾನು ಆಸ್ಪತ್ರೆ ಸೇರಿದಾಗಿನಿಂದ ಬಂದವರಿಗೆಲ್ಲ ಹಂಚುತ್ತಿದ್ದರು, ಇವತ್ತಿನವರೆಗೂ ನನ್ನೊಬ್ಬಳನ್ನು ಬಿಟ್ಟು. ಆ ತಾತನ ಮೇಲೆ, ಆ ಹುಡುಗಿಯ ಮೇಲೆ, ಅವಳ ಸೊಂಟದಲ್ಲಿದ್ದ ಮಗುವಿನ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು. ಆದರೂ ಎದ್ದು ಹೋಗಲು ಮನಸ್ಸಾಗಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಕೂತು, ಒಬ್ಬೊಬ್ಬರೂ ಒಪ್ಪಿಸುವುದನ್ನು ಕೇಳಿಸಿಕೊಂಡೆ.

ಸೋಮವಾರ ತಿಂಡಿ ತಿಂದು ಮಾತ್ರೆ ನುಂಗಿದೆ. ಮಂಗಳವಾರ ನುಂಗಲಿಲ್ಲ.